ಎಡಕ್ಕೆ ಕಂಡ ಚುಕ್ಕಿ

"ಈ ವೈರು ಯಾಕೆ ಮೇಲಿಂದ ಹೊರಟಿದೆ?"

ಏಣಿಯ ಮೇಲೆ ನಿಂತಿದ್ದ ಪತ್ತೇದಾರ ಇದನ್ನು ಗೋಡೆಗೆ ಕೇಳಿದ. ಗೋಡೆ ಸುಮ್ಮನಿತ್ತು. ಕೆಳಗೆ ಏಣಿ ಹಿಡಿದು ನಿಂತಿದ್ದ ಅವನ ಅಕ್ಕ ಸುಮ್ಮನಿರುವ ಪೈಕಿಯಲ್ಲ.

"ಮೇಲಿಂದ ಹೊರಡದೆ ನಿನ್ನ ಮೂಗಿಂದ ಹೊರಡಬೇಕಿತ್ತಾ? ಇಳಿಯೋ ಪುಟ್ಟಾ, ಕೈ ಸೋತುಹೋಯ್ತು. ನಿನ್ನ ಭಾರ ಏನು ಕಡಿಮೆನಾ?"

ತಲೆ ನರೆತ, ಅರ್ಧ ಆಯುಷ್ಯ ಪೋಲೀಸ್ ನೌಕರಿಯಲ್ಲಿ ಸವೆಸಿದ, ಕಳ್ಳರಿಗೆ ಬರೀ ಕಣ್ಣಲ್ಲೇ ಬೆವರಿಳಿಸಿದ ಮನುಷ್ಯನನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಪುಟ್ಟಾ ಎಂದು ಕೂಗುವ ಧೈರ್ಯ ಜಗತ್ತಿನಲ್ಲಿ ಇವಳೊಬ್ಬಳಿಗೇ ಇತ್ತು. ಬೇರೆ ದಿನವಾಗಿದ್ದರೆ ಅವನು ಅತ್ತಿತ್ತ ನೋಡಿ, ಯಾರೂ ಕೇಳಿಸಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು ಹಲ್ಲು ಕಡಿಯುತ್ತಿದ್ದ. ಇವತ್ತು ಅದು ಕಿವಿಗೇ ಬೀಳಲಿಲ್ಲ. ಕಣ್ಣು ವೈರಿನ ಮೇಲೆ ನೆಟ್ಟಿತ್ತು.

ಮಿಕ್ಕ ಮಹಡಿಗಳಲ್ಲಿ ಗೋಡೆಗೆ ಹಾಕಿದ್ದ ಇಂಥ ತಾಮ್ರದ ಹಲಗೆಗಳನ್ನೆಲ್ಲ ಅವನು ಬೆಳಿಗ್ಗೆಯೇ ನೋಡಿ ಬಂದಿದ್ದ. ಎಲ್ಲ ಕಡೆಯೂ ವೈರು ಹಲಗೆಯ ಕೆಳಗಂಚಿನಿಂದ ಹೊರಟು ಗೋಡೆಗುಂಟ ಇಳಿಯುತ್ತಿತ್ತು. ಇದೊಂದರಲ್ಲಿ ಮಾತ್ರ ಮೇಲಂಚಿನಿಂದ ಹೊರಟು, ಚಾವಣಿಯ ಪಕ್ಕದ ಹೊಚ್ಚಹೊಸ ಪ್ಲಗ್ಗಿಗೆ ಸೇರಿಕೊಂಡಿತ್ತು. ಗೋಡೆಯ ಬಣ್ಣವೂ ಹೊಸದು. ಹಲಗೆಯ ಸುತ್ತ ಬಣ್ಣದವರ ಕುಂಚ ತಾಗಿದ ಸಣ್ಣ ಕಲೆಗಳಿದ್ದವು.

"ಹಲಗೆ ತಲೆಕೆಳಗಾಗಿದೆ ಅಕ್ಕಾ."

"ಆದ್ರೆ ಏನಂತೆ? ಚೌಕ ತಾನೆ? ಹೇಗೆ ತೂಗುಹಾಕಿದ್ರೂ ಚೌಕವೇ."

"ನೋಡೋಕೆ ಚೌಕ. ಆದ್ರೆ ಅದರ ಎಡ ಈಗ ಬಲಕ್ಕೆ ಬಂದಿದೆ."

ಅಕ್ಕ ಏಣಿ ಬಿಟ್ಟಳು. ಬಿಟ್ಟವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮಕ್ಕಳ ಆಸ್ಪತ್ರೆಗೆ ಇದ್ದದ್ದು ಒಂದೇ ಒಂದು, ಎಳೆಗೂಸುಗಳ ಗಂಟಲೊಳಗೆ ಇಳಿಸಿ ನೋಡುವ ದುರ್ಬೀನು; ಅದು ಪೆಟ್ಟಿಗೆ ಸಮೇತ ಮಾಯವಾದಾಗ, ಕದ್ದವಳು ಆಯಾ ದೊಡ್ಡಮ್ಮನೇ ಎಂದು ಹೋದ ವಾರ ಎಲ್ಲರೆದುರು ಬೆರಳು ತೋರಿಸಿದವನು ಆಸ್ಪತ್ರೆಯವರು ಕರೆಸಿದ್ದ ಇದೇ ಪತ್ತೇದಾರ. ಬೆರಳು ತೋರಿಸಿದ್ದು ಇದೇ ಹಲಗೆಯ ಮಾತು ನಂಬಿಕೊಂಡು.

ಹಲಗೆಯ ಕೆಲಸ ಹೇಳುವುದು ಕಷ್ಟವಲ್ಲ. ಆಸ್ಪತ್ರೆಯ ಬೆಲೆಬಾಳುವ ಸಾಮಾನಿಗೆಲ್ಲ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಬಿಲ್ಲೆ ಅಂಟಿಸಿದ್ದಾರೆ. ಕಾರಿಡಾರಿನ ಈ ತುದಿಯಿಂದ ರೇಡಿಯೋ ತರಂಗ ಹೊರಡುತ್ತದೆ, ಬಿಲ್ಲೆ ಅದಕ್ಕೆ ಓಗೊಡುತ್ತದೆ. ಆದರೆ ತರಂಗ ನೆಟ್ಟಗೆ ಹೋಗುತ್ತದೆಯೇ ಹೊರತು ಮೂಲೆ ತಿರುಗಿ ಇಣುಕುವುದಿಲ್ಲ. ಅದಕ್ಕೇ ಕಾರಿಡಾರು ಎಡಕ್ಕೂ ಬಲಕ್ಕೂ ಕವಲೊಡೆಯುವ ಕಡೆ ಎದುರು ಗೋಡೆಗೆ ಈ ಹಲಗೆ. ಹಲಗೆ ಅಲ್ಲಾಡುವುದಿಲ್ಲ. ಅದರ ಮೈಮೇಲಿನ ನೂರಾರು ತಾಮ್ರದ ಚೌಕಗಳು ಕಂಪ್ಯೂಟರು ಹೇಳಿದಂತೆ ಗುಣ ಬದಲಿಸಿ, ತಮ್ಮ ಮೇಲೆ ಬಿದ್ದ ತರಂಗವನ್ನು ಒಮ್ಮೆ ಎಡಗಡೆಯ ಕವಲಿಗೆ, ಒಮ್ಮೆ ಬಲಗಡೆಯ ಕವಲಿಗೆ ಎಸೆಯುತ್ತವೆ. ಎತ್ತ ಎಸೆದಾಗ ಬಿಲ್ಲೆ ಓಗೊಟ್ಟಿತೋ ಅತ್ತ ಸಾಮಾನಿದೆ. ಓಗೊಡಲು ಹಿಡಿದ ಹೊತ್ತು ದೂರ ಹೇಳುತ್ತದೆ. ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿ ಮೂಡುತ್ತದೆ, ಮೊಳದಷ್ಟೂ ತಪ್ಪುವುದಿಲ್ಲ.

ಹೋದ ವಾರ ಚುಕ್ಕಿ ಮೂಡಿದ್ದು ಎಡಗಡೆ, ಆಯಾಗಳ ಬಟ್ಟೆ ಬದಲಿಸುವ ಕೋಣೆಯಲ್ಲಿ, ಸರಿಯಾಗಿ ದೊಡ್ಡಮ್ಮನ ಬೀರುವಿನ ಮೇಲೆ.

"ಮನುಷ್ಯ ಸುಳ್ಳು ಹೇಳ್ತಾನೆ, ಯಂತ್ರ ಹೇಳಲ್ಲ," ಎಂದು ಅವನು ಗುಂಪಿನೆದುರು ಹೇಳಿದ್ದ. ಹೇಳುವಾಗ ದನಿಯಲ್ಲಿ ಎಂಥ ಠೀವಿ ಇತ್ತೆಂದು ನೆನೆದರೆ ಈಗ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಬೀರುವಿನಲ್ಲಿ ಪೆಟ್ಟಿಗೆ ಇರಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನು ಅವಳ ಕೈಚೀಲ ಇಸಿದುಕೊಂಡು ಬೆಂಚಿನ ಮೇಲೆ ಸುರಿದ. ಬಾಚಣಿಗೆ, ಕನ್ನಡಕದ ಡಬ್ಬಿ, ಒಂದು ಜೊತೆ ಒಣಬಟ್ಟೆ ಬಿದ್ದವು. ಮಡಚಿಟ್ಟ ಬಿಳಿಯ ದಪ್ಪನೆಯ ವಸ್ತುವೊಂದೂ ಬಿತ್ತು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನಿದು?" ಎಂದು ಕೇಳಿದ.

ಅದು ದೊಡ್ಡವರು ಕಟ್ಟಿಕೊಳ್ಳುವ ಡಯಾಪರು. ಹಗಲೆಲ್ಲ ಮಕ್ಕಳ ಹಿಂದೆ ಓಡುವ ಹೆಂಗಸಿಗೆ, ವಯಸ್ಸಾದ ಮೇಲೆ, ತಡೆದುಕೊಳ್ಳಲಾಗದ ತೊಂದರೆ. ಯಾರಿಗೂ ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ನಂದೇ ಸ್ವಾಮಿ," ಎಂದಳು ದೊಡ್ಡಮ್ಮ. ಒಂದೊಂದಾಗಿ ಎಲ್ಲ ಹೆಕ್ಕಿ ಚೀಲಕ್ಕೆ ತುಂಬಿಕೊಂಡಳು. ಅವನ ಬೆರಳ ತುದಿಯಲ್ಲಿದ್ದದ್ದನ್ನು ಕೊನೆಗೆ ತೆಗೆದುಕೊಂಡಳು.

ಚುಕ್ಕಿ ಮಾತ್ರ ಆ ಬೀರುವಿನ ಮೇಲಿಂದ ಕದಲಲಿಲ್ಲ. ಅದಕ್ಕೆ ಆಸ್ಪತ್ರೆಯವರು ಹೂಡಿದ ತರ್ಕ ಕೇಳಬೇಕು: ಬೀರುವಿನಲ್ಲಿ ಇಲ್ಲ, ಚುಕ್ಕಿ ಅಲ್ಲೇ ಇದೆ, ಅಂದರೆ ನೆಲದಡಿ ಹುಗಿದಿದ್ದಾಳೆ! ನೆಲದ ಹೆಂಚುಗಳನ್ನು ಕಿತ್ತರು. ಗೋಡೆ ಬಡಿದು ನೋಡಿದರು. ಸಿಗದಿದ್ದಷ್ಟೂ ದೊಡ್ಡಮ್ಮ ದೊಡ್ಡ ಕಳ್ಳಿಯಾಗುತ್ತ ಹೋದಳು. ಅವಳನ್ನು ದೊಡ್ಡಮ್ಮ ಎಂದು ಕರೆಯಲು ಕಲಿಸಿದ ತಾಯಂದಿರೇ, ಅವಳ ಹತ್ತಿರ ಹೋಗಬೇಡಿ ಎಂದು ಮಕ್ಕಳಿಗೆ ಹೇಳಿದರು.

ಇವತ್ತು ಮಧ್ಯಾಹ್ನ ಅವಳು ಸಮವಸ್ತ್ರ ಒಪ್ಪಿಸಲು ಬರಬೇಕು. ಒಪ್ಪಿಸಿದಳೆಂದರೆ ಮುಗಿಯಿತು, ಕಳ್ಳಿ ಎಂಬ ಹೆಸರು ಹೊತ್ತು ಹೊರಹೋದವಳನ್ನು ಇನ್ನಾವ ಆಸ್ಪತ್ರೆಯೂ ಹೊಸ್ತಿಲು ಹತ್ತಿಸುವುದಿಲ್ಲ.

"ಇಂಜಿನಿಯರನ್ನ ಕರಿ," ಎಂದ ಪತ್ತೇದಾರ, ಏಣಿ ಇಳಿಯುತ್ತ.

ರೇಡಿಯೋ ಇಂಜಿನಿಯರ್ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, ತನ್ನ ಹಲಗೆಗಳ ಬಗ್ಗೆ ಹೇಳಲು ಹೊರಟರೆ ಊಟ ನಿದ್ದೆ ಮರೆಯುವ ಜೀವ. ಇವತ್ತು ಅವನ ಕಣ್ಣು ಮೊದಲು ಏಣಿಯ ಮೇಲೆ, ಆಮೇಲೆ ವೈರಿನ ಮೇಲೆ, ಆಮೇಲೆ ತನ್ನ ಬೂಟಿನ ಮೇಲೆ ಬಿತ್ತು. ಅಲ್ಲಿಂದ ಏಳಲಿಲ್ಲ.

"ನಿಮ್ಮ ಹತ್ರ ಬೇರೆ ಬಿಲ್ಲೆ ಇದೆಯಾ?"

"ಇದೆ ಸಾರ್."

"ಅಕ್ಕನ ಕೈಗೆ ಕೊಡಿ."

ಅಕ್ಕ ಬಿಲ್ಲೆಯನ್ನು ಬಳೆಯ ಸಂದಿಗೆ ಸಿಕ್ಕಿಸಿಕೊಂಡು ಬಲಗಡೆಯ ಕವಲಿನಲ್ಲಿ ನಡೆಯತೊಡಗಿದಳು. ಗದ್ದಲ ಕೇಳಿ ಜನ ಸೇರಿದರು. ಮುಖ್ಯ ಡಾಕ್ಟರಮ್ಮ ಬಂದರು. ಮೇಟ್ರನ್ ಬಂದಳು. ಉಗ್ರಾಣದವನು ಕೀಗೊಂಚಲು ಗಲಗಲ ಎನ್ನಿಸುತ್ತ ಬಂದ. ಎಲ್ಲರೂ ಕಂಪ್ಯೂಟರಿನ ಮೇಲೆ ಬಗ್ಗಿದರು.

ಅಕ್ಕ ಬಲಕ್ಕೆ ಹೋಗುತ್ತಿದ್ದಳು. ಚುಕ್ಕಿ ಎಡಕ್ಕೆ ಹೋಗುತ್ತಿತ್ತು.

"ಅಯ್ಯೋ, ಇದೇನು ಅಮ್ಮನವರು ಇಬ್ಬರಾಗಿಬಿಟ್ರಾ?" ಎಂದ ಉಗ್ರಾಣದವನು. ಯಾರೂ ನಗಲಿಲ್ಲ.

ಅಕ್ಕ ದೂರದಿಂದ ಕೂಗಿದಳು: "ಏನೋ ಪುಟ್ಟಾ, ನಾನೆಲ್ಲಿದೀನಿ?"

ನಕ್ಷೆಯಲ್ಲಿ ಅವನ ಅಕ್ಕ ಆಯಾಗಳ ಕೋಣೆಯ ಅಗೆದ ನೆಲದ ಮೇಲೆ, ದೊಡ್ಡಮ್ಮನ ಬೀರುವಿನ ಪಕ್ಕ ನಿಂತಿದ್ದಳು. ಕಣ್ಣೆತ್ತಿದರೆ ಬಲಗಡೆ, ಮುಚ್ಚಿದ ಹಳೆಯ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತ ನಿಂತಿದ್ದಳು.

"ವೈರು," ಎಂದ ಪತ್ತೇದಾರ ಇಂಜಿನಿಯರನ ಕಡೆ ತಿರುಗಿ. ಇನ್ನೇನೂ ಕೇಳುವ ಅಗತ್ಯ ಬೀಳಲಿಲ್ಲ.

"ಗೇಣುದ್ದ ಸಾಲಲಿಲ್ಲ ಸಾರ್. ಬಣ್ಣ ಹೊಡೆಯೋವಾಗ ಪ್ಲಗ್ಗನ್ನ ಮೇಲಕ್ಕೆ ಹಾಕ್ಬಿಟ್ಟಿದ್ರು. ಉದ್ದದ ವೈರು ತರಿಸೋಕೆ ದಿನ ಹಿಡಿಯುತ್ತೆ. ಹಲಗೆ ತಿರುಗಿಸಿ ಹಾಕಿದ್ರೆ ವೈರು ಸರಿಯಾಗಿ ಮುಟ್ಟುತ್ತೆ ಅಂತ..."

"ತಿರುಗಿಸಿದ್ರಿ."

"ತಿರುಗಿಸಬಹುದು ಸಾರ್, ತಪ್ಪೇನಿಲ್ಲ. ಕಂಪ್ಯೂಟರಲ್ಲಿ ಇದು ತಲೆಕೆಳಗಿದೆ ಅಂತ ಒಂದು ಗುರುತು ಹಾಕ್ಬೇಕು, ಅಷ್ಟೆ. ಹಾಕೋಣ ಅಂತ ಕೂತೆ. ಊಟಕ್ಕೆ ಕರೆದ್ರು. ಎದ್ದುಹೋದೆ."

"ಈ ಎರಡು ಕವಲಲ್ಲಿ ಬೇರೆ ಸಾಮಾನು ಇರಲಿಲ್ವಾ? ಅವೆಲ್ಲ ಅದಲು ಬದಲಾಗಿ ಕಾಣಬೇಕಿತ್ತಲ್ಲ?"

"ಇಲ್ಲಿರೋದು ಬರೀ ಸಿಬ್ಬಂದಿ ಕೋಣೆಗಳು ಸಾರ್. ಬಿಲ್ಲೆ ಹಾಕಿದ ಸಾಮಾನು ಈ ಕಡೆ ಬರೋದೇ ಇಲ್ಲ. ಈ ಪೆಟ್ಟಿಗೆನೇ ಮೊದಲನೇದು."

ಮೇಟ್ರನ್ ಹಣೆಗೆ ಕೈ ಹಚ್ಚಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸುತ್ತ ನಿಂತರು, ಕನ್ನಡಕ ಆಗಲೇ ಲಕಲಕ ಎನ್ನುತ್ತಿದ್ದರೂ. ಹೋದ ವಾರ ಈ ಇಬ್ಬರೂ ಬೆಂಚಿನ ಸುತ್ತ ನಿಂತಿದ್ದವರೇ. ಈಗ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.

ಪತ್ತೇದಾರ ದನಿ ತಗ್ಗಿಸಿದ. ಹಳೆಯ ಕಳ್ಳರಿಗೆ ಗೊತ್ತಿತ್ತು, ಅವನು ಕೂಗಾಡುವಾಗ ಹೆದರಬೇಕಿಲ್ಲ, ದನಿ ತಗ್ಗಿದಾಗ ಹೆದರಬೇಕು.

"ಯಾವಾಗ ಗೊತ್ತಾಯ್ತು ನಿಮಗೆ?"

"ಈಗಲೇ ಸಾರ್, ನೀವು..."

"ನೀವು ಏಣಿ ನೋಡಿದ ತಕ್ಷಣ ವೈರು ನೋಡಿದ್ರಿ. ಗೊತ್ತಿಲ್ಲದವನು ಮೊದಲು ನನ್ನ ಮುಖ ನೋಡ್ತಾನೆ. ಯಾವಾಗ?"

ಇಂಜಿನಿಯರ್ ಕಂಪ್ಯೂಟರನ್ನು ಮತ್ತೆ ಎದೆಗವಚಿಕೊಂಡ.

"ಆವತ್ತೇ ಸಾರ್. ನೀವು ಆ ಯಮ್ಮನ ಚೀಲ ಸುರಿದ ದಿನ, ಸಂಜೆ ಮನೆಗೆ ಹೋಗ್ತಾ ದಾರೀಲಿ ನೆನಪಾಯ್ತು. ವಾಪಸ್ ಬಂದೆ, ಸತ್ಯವಾಗ್ಲೂ ಬಂದೆ. ಬಂದ್ರೆ ಆಗಲೇ ನೆಲ ಅಗೀತಿದ್ರು. ಅಷ್ಟು ಜನ ಸೇರಿ ನೆಲ ಅಗಿಯೋವಾಗ, ತಪ್ಪು ನಂದು ಅಂತ ಹೇಗೆ ಹೇಳೋದು ಸಾರ್? ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಇನ್ನೂ ಕಷ್ಟ ಆಯ್ತು. ಆಮೇಲೆ..." ಅವನು ನಿಲ್ಲಿಸಿದ. "ಗುರುತು ಹಾಕೋಕೆ ಒಂದು ಗುಂಡಿ ಒತ್ತಿದ್ರೆ ಸಾಕಿತ್ತು. ಒತ್ತಿದ್ರೆ ಚುಕ್ಕಿ ಜಾಗ ಬದಲಾಗುತ್ತೆ, ಯಾಕೆ ಅಂತ ಎಲ್ರೂ ಕೇಳ್ತಾರೆ. ಅದಕ್ಕೇ ಒತ್ತಲಿಲ್ಲ."

"ಥೂ ನಿಮ್ಮ!" ಎಂದಳು ಹಿಂದಿರುಗಿ ಬಂದಿದ್ದ ಅಕ್ಕ. "ನಿಮ್ಮ ಮುಖ ಉಳಿಸ್ಕೊಳ್ಳೋಕೆ ಒಬ್ಬ ಹೆಂಗಸಿನ ಮಾನ ಹರಾಜು ಹಾಕಿದ್ರಲ್ರೀ! ನಿಮಗೂ ತಾಯಿ ಅಂತ ಒಬ್ಬಳು ಇದಾಳೋ ಇಲ್ವೋ?"

ಇಂಜಿನಿಯರ್ ಅಳುವ ಹಾಗಾದ. ಅಕ್ಕ ಇನ್ನೂ ಬೈಯುವುದಿತ್ತು. ಪತ್ತೇದಾರ ಅವಳ ತೋಳು ಹಿಡಿದ.

"ಬಿಡಕ್ಕಾ."

"ಯಾಕೆ ಬಿಡಬೇಕು?"

"ಹೋದ ವಾರ ನಾನೂ ಆ ವೈರು ನೋಡಿದ್ದೆ."

ಅವಳು ತಿರುಗಿ ನೋಡಿದಳು.

"ನೋಡಿದ್ದೆ. ಬೇರೆ ಮಹಡಿ ಹಲಗೆ ಹಾಗಿಲ್ವಲ್ಲ ಅಂತ ಒಂದು ಸಲ ಅನ್ನಿಸ್ತು. ಕೇಳಲಿಲ್ಲ. ಅಷ್ಟೊತ್ತಿಗೆ ಜನ ಸೇರಿದ್ರು, ಎಲ್ರೂ ನನ್ನ ಬಾಯೇ ನೋಡ್ತಿದ್ರು. ಆ ಹೊತ್ತಲ್ಲಿ ವೈರಿನ ಬಗ್ಗೆ ಕೇಳಿದ್ರೆ ಏನೂ ಗೊತ್ತಿಲ್ಲದವನ ಹಾಗೆ ಕಾಣ್ತೀನಿ ಅನ್ನಿಸ್ತು."

ಇದನ್ನು ಅವನು ಮೆಲ್ಲಗೆ ಹೇಳಿದನಾದರೂ ಎಲ್ಲರಿಗೂ ಕೇಳಿಸಿತು. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಅವನಿಗೆ ನಿಜವಾಗಿ ಹಾಗೆ ಅನ್ನಿಸಿತು. ಈ ಹುಡುಗಾಟದ ಇಂಜಿನಿಯರನಿಗೂ ತನಗೂ ಇದ್ದ ವ್ಯತ್ಯಾಸ ಇಷ್ಟೇ: ಅವನು ತಿಳಿದ ಮೇಲೆ ಬಾಯಿ ಮುಚ್ಚಿಕೊಂಡ, ತಾನು ತಿಳಿದುಕೊಳ್ಳುವ ಮೊದಲೇ ಬಾಯಿ ತೆರೆದ. ಅಲ್ಲದೆ, ಆ ಬಿಳಿಯ ವಸ್ತುವನ್ನು ಎತ್ತಿ ಹಿಡಿದದ್ದು ಇಂಜಿನಿಯರನ ಕೈಯಲ್ಲ.

"ಅವಳು ಬರೋ ಹೊತ್ತಾಯ್ತು," ಎಂದಳು ಅಕ್ಕ. ದನಿ ಮೆತ್ತಗಾಗಿತ್ತು. "ಬಾಗಿಲಿಗೇ ಹೋಗಿ ನಿಲ್ಲು. ಸಮವಸ್ತ್ರ ಒಪ್ಪಿಸೋಕೆ ಮುಂಚೆ ತಪ್ಪಾಯ್ತು ಅನ್ನು. ಎಲ್ಲರೆದುರೂ ಅನ್ನು. ಕಳ್ಳಿ ಅಂದಿದ್ದೂ ಎಲ್ಲರೆದುರೇ ತಾನೆ?"

"ಅಂತೀನಿ. ಮೊದಲು ಪೆಟ್ಟಿಗೆ ಸಿಗಲಿ. ಬರಿಗೈಲಿ ಹೋಗಿ ಏನಂತ ನಿಲ್ಲಲಿ? ಪೆಟ್ಟಿಗೆ ಕೈಲಿ ಹಿಡ್ಕೊಂಡೇ ಹೋಗ್ತೀನಿ."

"ಪುಟ್ಟಾ, ಮತ್ತೆ ಅದೇ ಬುದ್ಧಿ ನೋಡು. ತಪ್ಪೊಪ್ಪಿಕೊಳ್ಳೋದ್ರಲ್ಲೂ ಠೀವಿನಾ?"

ಅವನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದೆ ಇದ್ದದ್ದಕ್ಕೆ ಕೂಡ ಮುಂದೆ ಅವನು ನಾಚಬೇಕಾಗಿತ್ತು.

"ಗುಂಡಿ ಒತ್ತಿ," ಎಂದ ಇಂಜಿನಿಯರನಿಗೆ.

ಇಂಜಿನಿಯರ್ ಒತ್ತಿದ. ವಾರವಿಡೀ ದೊಡ್ಡಮ್ಮನ ಬೀರುವಿನ ಮೇಲೆ ಕುಕ್ಕರಿಸಿದ್ದ ಚುಕ್ಕಿ ಅಲ್ಲಿಂದ ಅಳಿಸಿಹೋಗಿ, ಬಲಗಡೆ, ಅಷ್ಟೇ ದೂರದಲ್ಲಿ, ಹಳೆಯ ಎಕ್ಸ್‌ರೇ ಕೋಣೆಯೊಳಗೆ ಮೂಡಿತು.

ಮೆಷೀನು ಕೆಟ್ಟು ಎಷ್ಟೋ ಕಾಲದಿಂದ ಬೀಗ ಬಿದ್ದ ಕೋಣೆ ಅದು. ಕೀ ಇರುವುದು ಮುಖ್ಯ ಡಾಕ್ಟರಮ್ಮನ ಬಳಿ, ಮೇಟ್ರನ್ ಬಳಿ, ಉಗ್ರಾಣದವನ ಬಳಿ. ಪತ್ತೇದಾರ ಒಬ್ಬೊಬ್ಬರ ಮುಖವನ್ನೂ ನೋಡಿದ. ಡಾಕ್ಟರಮ್ಮನ ಮುಖ ಬಿಳಿಚಿತ್ತು. ಮೇಟ್ರನ್ ಉಗ್ರಾಣದವನನ್ನು ನೋಡುತ್ತಿದ್ದಳು. ಉಗ್ರಾಣದವನ ಕೀಗೊಂಚಲು ಮೊದಲ ಸಲ ಸದ್ದು ನಿಲ್ಲಿಸಿತ್ತು.

"ನನ್ನ ಮೇಲೆ ಅನುಮಾನನಾ ಸಾರ್?" ಎಂದ ಅವನು. "ಆ ಕೋಣೆ ಬಾಗಿಲು ತೆಗೆದು ಯಾವ ಕಾಲ ಆಯ್ತೋ! ಜೇಡ ಬಿಟ್ಟರೆ ಅಲ್ಲಿ ಯಾರೂ ಇಲ್ಲ."

"ಯಾರ ಮೇಲೂ ಅನುಮಾನ ಇಲ್ಲ. ಆ ಕೆಲಸ ಒಂದು ಸಲ ಅವಸರದಲ್ಲಿ ಮಾಡಿ ಸಾಕಾಗಿದೆ. ಯಾರೂ ಇಲ್ಲಿಂದ ಕದಲಬೇಡಿ, ಅಷ್ಟೆ. ನಾವು..."

"ಸಾರ್!" ಎಂದ ಇಂಜಿನಿಯರ್.

ಚುಕ್ಕಿ ಕದಲುತ್ತಿತ್ತು.

ಎಕ್ಸ್‌ರೇ ಕೋಣೆಯಿಂದ ಹೊರಬಂದು, ಇವರಿಗೆ ಬೆನ್ನು ಹಾಕಿ, ಬಲಗಡೆಯ ಕವಲಿನ ಕಟ್ಟಕಡೆಗೆ ನಡೆಯುತ್ತಿತ್ತು. ಯಾರೋ ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದರು, ಓಡದೆ, ಸಾವಕಾಶವಾಗಿ. ಪತ್ತೇದಾರ ಕವಲಿನತ್ತ ಕಣ್ಣು ಹಾಯಿಸಿದ. ಎಕ್ಸ್‌ರೇ ಕೋಣೆಯ ಮುಂಬಾಗಿಲು ಮುಚ್ಚಿಯೇ ಇತ್ತು.

"ಆ ಕೋಣೆಗೆ ಹಿಂದೆ ಬಾಗಿಲಿದೆಯಾ?"

"ಇದೆ," ಎಂದಳು ಮೇಟ್ರನ್, "ಅಗಸರು ಬಟ್ಟೆ ಸಾಗಿಸೋ ಹಿಂದಿನ ಓಣಿಗೆ. ಓಣಿ ಸುತ್ತು ಹಾಕಿ ಆಯಾಗಳ ಕೋಣೆ ಹತ್ರ ಬರುತ್ತೆ."

ಅಷ್ಟರಲ್ಲಿ ಚುಕ್ಕಿ ಮಾಯವಾಯಿತು. ಹಿಂದಿನ ಓಣಿಯ ನಡುಭಾಗಕ್ಕೆ ಹಲಗೆಯ ತರಂಗ ಮುಟ್ಟುವುದಿಲ್ಲ. ಎಲ್ಲರೂ ಖಾಲಿ ನಕ್ಷೆಯನ್ನೇ ನೋಡುತ್ತ ನಿಂತರು. ಪತ್ತೇದಾರ ಮತ್ತೊಮ್ಮೆ ಸುತ್ತ ನೋಡಿದ. ಡಾಕ್ಟರಮ್ಮ ಇಲ್ಲೇ ಇದ್ದರು, ಮೇಟ್ರನ್ ಇಲ್ಲೇ, ಉಗ್ರಾಣದವನು ಇಲ್ಲೇ, ಇಂಜಿನಿಯರ್ ಕಂಪ್ಯೂಟರಿನ ಮುಂದೆ. ಕೀ ಇದ್ದವರೆಲ್ಲ ಕಣ್ಣೆದುರೇ ಇದ್ದರು. ಹಾಗಾದರೆ ನಡೆಯುತ್ತಿರುವವರು ಯಾರು?

"ಬಂತು! ಎಡಗಡೆ ಬಂತು ಸಾರ್!"

ಚುಕ್ಕಿ ಎಡಗಡೆಯ ಕವಲಿನ ಕೊನೆಯಲ್ಲಿ ಮತ್ತೆ ಮೂಡಿ, ಆಯಾಗಳ ಕೋಣೆ ಹೊಕ್ಕು, ದೊಡ್ಡಮ್ಮನ ಬೀರುವಿನ ಬಳಿ ನಿಂತಿತು.

"ಈಗ ಎಡ ಅಂದ್ರೆ ಎಡವೇ ತಾನೆ?" ಎಂದು ಕೇಳಿದ ಉಗ್ರಾಣದವನು. ಕೇಳಿದ್ದು ತಮಾಷೆಗಲ್ಲ. ಅಲ್ಲಿದ್ದ ಎಲ್ಲರಿಗೂ ಅದೇ ಅನುಮಾನವಿತ್ತು.

ಪತ್ತೇದಾರ ಓಡಿದ. ಅವನ ಹಿಂದೆ ಡಾಕ್ಟರಮ್ಮ, ಮೇಟ್ರನ್, ಉಗ್ರಾಣದವನು, ಎಲ್ಲರಿಗಿಂತ ಹಿಂದೆ ಸೆರಗು ಬಿಗಿದುಕೊಂಡು ಏದುಸಿರು ಬಿಡುತ್ತ ಅಕ್ಕ. ಇಂಜಿನಿಯರ್ ಒಬ್ಬನೇ ಕವಲಿನಲ್ಲಿ ಕಂಪ್ಯೂಟರು ಕಾಯುತ್ತ ಉಳಿದ.

ಓಡುವಾಗ ಅವನ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು. ದೊಡ್ಡಮ್ಮಾ, ತಪ್ಪು ನನ್ನದು, ದೊಡ್ಡ ತಪ್ಪು. ಆ ಬೆಂಚಿನ ಪಕ್ಕದಲ್ಲೇ ನಿಂತು ಹೇಳಬೇಕು. ಅವಳು ಬೈದರೆ ಬೈಯಲಿ. ಬೈಯದಿದ್ದರೆ ಇನ್ನೂ ಕಷ್ಟ.

ಬಾಗಿಲು ತಳ್ಳಿದ.

ಕಿತ್ತ ಹೆಂಚುಗಳ ಪಕ್ಕ, ತೆರೆದ ಬೀರುವಿನ ಮುಂದೆ, ದೊಡ್ಡಮ್ಮ ನಿಂತಿದ್ದಳು. ಹೆಗಲಲ್ಲಿ ಕೈಚೀಲ. ಕಂಕುಳಲ್ಲಿ ಒಗೆದು ಇಸ್ತ್ರಿ ಮಾಡಿದ ಸಮವಸ್ತ್ರ. ಎರಡೂ ಕೈಯಲ್ಲಿ ಕಪ್ಪು ಪೆಟ್ಟಿಗೆ.

"ನೋಡಿದ್ರಾ!" ಎಂದು ಕಿರುಚಿದಳು ಮೇಟ್ರನ್. "ಎಕ್ಸ್‌ರೇ ಕೋಣೇಲಿ ಬಚ್ಚಿಟ್ಟಿದ್ದು ಇವಳೇ! ಆ ಕೋಣೆ ನಡೀತಿದ್ದ ಕಾಲದಲ್ಲಿ ಗುಡಿಸೋಕೆ ನನ್ನ ಕೀ ಎಷ್ಟು ಸಲ ಇಸ್ಕೊಂಡಿಲ್ಲ! ಹಿಂದಿನ ಓಣಿ ಇವಳ ಓಡಾಟದ ದಾರಿ!"

"ನಾನು ಈಗ ಬಂದೆ," ಎಂದಳು ದೊಡ್ಡಮ್ಮ. "ಬೀರು ತೆರೆದಿತ್ತು. ಇದು ಒಳಗಿತ್ತು."

ಅವಳು ಪತ್ತೇದಾರನನ್ನೇ ನೋಡುತ್ತಿದ್ದಳು. ಅವನು ಏನಾದರೂ ಹೇಳಲಿ ಎಂದು ನೋಡುತ್ತಿದ್ದಳು.

ಹೇಳಬೇಕಾದದ್ದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮನಸ್ಸು ನಾಲಿಗೆಗಿಂತ ಮುಂದೆ ಹೋಯಿತು. ಕೀ ಇದ್ದವರೆಲ್ಲ ನನ್ನ ಎದುರೇ ಇದ್ದರು. ಹಿಂದಿನ ಓಣಿಯಿಂದ ಬಂದವಳು ಇವಳೊಬ್ಬಳೇ. ಪೆಟ್ಟಿಗೆ ಕೈಯಲ್ಲಿದೆ. ಹಾಗಾದರೆ ಇವಳೇ. ಹಾಗಾದರೆ ಹೋದ ವಾರ ನಾನು ಮಾಡಿದ್ದು ಸರಿ!

ಆ ಕೊನೆಯ ಯೋಚನೆ ಬಂದಾಗ ಅವನ ಎದೆ ಹಗುರವಾಯಿತು. ಹೌದು, ಹಗುರವೇ ಆಯಿತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾಗದು.

"ಪೆಟ್ಟಿಗೆ ಕೆಳಗಿಡು," ಎಂದಿತು ಅವನ ಹಳೆಯ ಪೋಲೀಸ್ ದನಿ. "ಇಟ್ಟು ಗೋಡೆ ಕಡೆ ತಿರುಗಿ ನಿಲ್ಲು."

"ಪುಟ್ಟಾ!" ಎಂದಳು ಬಾಗಿಲಲ್ಲಿ ಅಕ್ಕ.

ದೊಡ್ಡಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟಳು. ಸಮವಸ್ತ್ರವನ್ನು ಅದರ ಪಕ್ಕ, ಮಡಿಕೆ ಕೆಡದಂತೆ ಇಟ್ಟಳು. ಚೀಲ ಇಳಿಸಿದಳು. ಗೋಡೆಯ ಕಡೆ ತಿರುಗಿ, ಕೈ ಎಲ್ಲಿಡಬೇಕೆಂದು ತಿಳಿಯದೆ, ಶಾಲೆಯ ಮಕ್ಕಳ ಹಾಗೆ ಕಟ್ಟಿಕೊಂಡು ನಿಂತಳು.

ಪತ್ತೇದಾರ ಪೆಟ್ಟಿಗೆ ಎತ್ತಿಕೊಂಡ. ಹಿಡಿಕೆ ಹಿಡಿದು ಮುಚ್ಚಳ ತಿರುಗಿಸಿ ನೋಡಿದ.

ಕಾರಿಡಾರಿನಿಂದ ಇಂಜಿನಿಯರನ ಕೂಗು ಬಂದದ್ದು ಆಗಲೇ.

"ಸಾರ್! ಹಿಡೀರಿ ಸಾರ್! ಚುಕ್ಕಿ ಹೋಗ್ತಿದೆ! ಬೀರು ಬಿಟ್ಟು ಪಕ್ಕದ ಬಚ್ಚಲಲ್ಲಿ ನಿಂತಿತ್ತು, ಈಗ ಹಿಂದಿನ ಓಣಿಗೆ ಹೊರಟಿದೆ!"

ಎಲ್ಲರೂ ಪತ್ತೇದಾರನ ಕೈ ನೋಡಿದರು. ಅವನು ಮುಚ್ಚಳ ನೋಡಿದ. ಬಿಲ್ಲೆ ಇರಬೇಕಾದ ಜಾಗದಲ್ಲಿ ಗೋಂದಿನ ಕಲೆ ಮಾತ್ರ ಇತ್ತು, ಉಗುರಿನಿಂದ ಕೆರೆದು ಕಿತ್ತ ಕಲೆ, ಇನ್ನೂ ಜಿಗುಟು ಆರಿರಲಿಲ್ಲ. ಪೆಟ್ಟಿಗೆ ತಂದಿಟ್ಟವರು, ಬಿಲ್ಲೆ ಕಿತ್ತುಕೊಂಡವರು, ಇಷ್ಟು ಹೊತ್ತು ಒಂದು ಗೋಡೆಯ ಆಚೆ ನಿಂತು ಇಲ್ಲಿನ ಮಾತೆಲ್ಲ ಕೇಳಿಸಿಕೊಂಡಿದ್ದರು. ಓಣಿಯಲ್ಲಿ ಎಲ್ಲೋ ಒಂದು ಬಾಗಿಲು ಬಡಿದುಕೊಂಡಿತು.

"ಓಡೋ!" ಎಂದಳು ಅಕ್ಕ. "ಸಿಕ್ಕೇಬಿಡ್ತಾರೆ, ಓಡು!"

ಓಡಬೇಕೆಂದು ಅವನಿಗೂ ಗೊತ್ತಿತ್ತು. ಈಗ ಓಡದಿದ್ದರೆ ಕಳ್ಳರು ಕೈತಪ್ಪುತ್ತಾರೆ, ದೊಡ್ಡಮ್ಮನ ಹೆಸರಿಗೆ ಅಂಟಿದ ಮಸಿ ತೊಳೆಯಲು ಬೇರೆ ದಾರಿಯೇ ಉಳಿಯುವುದಿಲ್ಲ. ಆದರೆ ಅವಳಿಗೆ ಬೆನ್ನು ಹಾಕಿ, ಅವಳನ್ನು ಹಾಗೇ ಗೋಡೆಗೆ ನಿಲ್ಲಿಸಿ ಓಡುವುದು ಹೇಗೆ? ತಪ್ಪಾಯ್ತು ಎನ್ನಲು ಬಾಯಿ ತೆರೆದ. ಎರಡು ಸಲ ತೆರೆದ. ದನಿ ಬರಲಿಲ್ಲ.

ದೊಡ್ಡಮ್ಮ ಗೋಡೆಯನ್ನೇ ನೋಡುತ್ತ ಕೇಳಿದಳು:

"ಈಗ ನಾನು ಈ ಕಡೆ ತಿರುಗಬಹುದಾ ಸ್ವಾಮಿ?"